ಒತ್ತಡದ ಗಾಳಿಯಿಂದ ಓಡುವ ಪಂಪು
ಇಂದಿನ ಏರ್‌ಜೆಟ್ ಮಗ್ಗಗಳಲ್ಲಿ ಲಾಳಿಯ ಕೆಲಸವನ್ನು ಒತ್ತಡದ ಗಾಳಿಯೇ ಮಾಡುತ್ತದೆ. ಡ್ರಮ್ಮಿನಿಂದ ದ್ರಾವಕ ಎತ್ತುವ ಪಂಪಿಗೂ ಅದೇ ಗಾಳಿಯಿಂದ ಓಡುವ ಮೋಟಾರು ಒಗ್ಗುತ್ತದೆ, ಏಕೆಂದರೆ ಅದರಲ್ಲಿ ವಿದ್ಯುತ್ತಿನ ಕಿಡಿ ಹಾರದು. ಹಾಗೆಂದು ಅದು ತಾನಾಗಿಯೇ ಸುರಕ್ಷಿತ ಎಂಬುದನ್ನು ಒಪ್ಪಲಾಗದು. ಹರಿಯುವ ದ್ರಾವಕವೇ ಸ್ಥಿರವಿದ್ಯುತ್ ಹುಟ್ಟಿಸುವುದರಿಂದ ಅರ್ಥಿಂಗ್ ಬೇಕೇಬೇಕು. ವಾಲ್ವ್ ಮುಚ್ಚಿದ ಮೇಲೂ ಮೋಟಾರಿನಲ್ಲಿ ಗಾಳಿ, ಪೈಪಿನಲ್ಲಿ ದ್ರವ ಒತ್ತಡದಲ್ಲೇ ಉಳಿದಿರುತ್ತವೆ; ಎರಡನ್ನೂ ಹೊರಬಿಡದೆ ಪಾನಾ ಹಿಡಿಯಬಾರದು. ಡ್ರಮ್ಮು ಬರಿದಾದರೆ ಭಾರವಿಲ್ಲದ ಮೋಟಾರು ವಿಪರೀತ ವೇಗದಲ್ಲಿ ಓಡಿ ಸೀಲು ಸವೆಯುತ್ತದೆ. ಹೊರಬರುವ ಗಾಳಿ ಹಿಗ್ಗಿ ತಣ್ಣಗಾಗುವುದರಿಂದ, ತೇವವಿದ್ದರೆ ಸೈಲೆನ್ಸರಿನ ಬಾಯಲ್ಲಿ ಬಿಳಿ ಮಂಜುಗಡ್ಡೆ ಕಟ್ಟುತ್ತದೆ. ಮಳೆಗಾಲದಲ್ಲಂತೂ ಗಾಳಿಯ ಫಿಲ್ಟರ್ ಬಟ್ಟಲಿನ ನೀರನ್ನು ದಿನವೂ ಬಸಿಯಬೇಕು. ಕಂಪ್ರೆಸರ್ ಹೆಚ್ಚು ಕರೆಂಟು ತಿನ್ನುತ್ತದೆ ಎಂಬ ಆಕ್ಷೇಪ ನಿಜವೇ. ಬೆಂಕಿ ಹಿಡಿಯುವ ದ್ರಾವಕವಿರುವಲ್ಲಿ ಆ ಖರ್ಚು ಸರಿಯಾದದ್ದು. ಅದರಲ್ಲಿ ಸೋರುವ ಜಾಯಿಂಟುಗಳ ಪಾಲನ್ನು ಮಾತ್ರ ರಿಪೇರಿಯಿಂದ ತಪ್ಪಿಸಬಹುದು.