ಮನೆಯ ಮಾತು, ಶಾಲೆಯ ಬಾಗಿಲು

ಶಾಲೆಗೆ ಬಾರದ ಮಗುವಿನ ಮನೆಗೆ ಹೋಗಿ ಕಾರಣ ಕೇಳುವುದು, ಮನೆಯ ಕಷ್ಟವನ್ನು ಶಿಕ್ಷಕರಿಗೂ ಶಾಲೆಯ ನಿರೀಕ್ಷೆಯನ್ನು ಪೋಷಕರಿಗೂ ತಿಳಿಸುವುದು ಶಾಲಾ ಸಮಾಜ ಕಾರ್ಯಕರ್ತರ ಕೆಲಸ. ಅಮೆರಿಕದ ನ್ಯೂಯಾರ್ಕ್, ಬೋಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ 1906-07ರ ಸುಮಾರಿಗೆ ಇದು ಆರಂಭವಾಯಿತು. ಅನ್ಯ ದೇಶಗಳಿಂದ ಬಂದವರ ಮಕ್ಕಳು ಅಲ್ಲಿನ ಇಂಗ್ಲಿಷ್ ಶಾಲೆಗಳಲ್ಲಿ ತಬ್ಬಿಬ್ಬಾಗುತ್ತಿದ್ದ ಕಾಲವದು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳ ಕಥೆ ಬೇರೆ. ಇಲ್ಲಿ ಜನ ಇದ್ದಲ್ಲೇ ಇದ್ದರು, ರಾಜ್ಯ ಬದಲಾಯಿತು. ಅದರೊಂದಿಗೆ ಶಾಲೆಯ ಭಾಷೆಯೂ ಬದಲಾಯಿತು.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ ಉರ್ದುವಿನಲ್ಲಿತ್ತು. ಪ್ರೌಢ ಶಿಕ್ಷಣವೂ ಬಹುಮಟ್ಟಿಗೆ ಉರ್ದುವಿನಲ್ಲೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿ ನೀಡಿತು. ಭಾರತೀಯ ಭಾಷೆಯೊಂದಕ್ಕೆ ಸಂದ ದೊಡ್ಡ ಗೌರವವದು, ನಿಜ. ಆದರೆ ಕನ್ನಡ, ಮರಾಠಿ, ಲಂಬಾಣಿ ಮಾತಾಡುವ ಮನೆಯ ಮಗುವಿಗೆ ಓದು ಮುಂದುವರಿಸಬೇಕೆಂದರೆ ಅದೇ ಗೋಡೆಯಾಗಿ ನಿಂತಿತು.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದಕ್ಕೆ ಮುನ್ನ ರಜಾಕಾರರ ಹಿಂಸೆಗೆ ಹಿಂದೂ ಕುಟುಂಬಗಳು ನಲುಗಿದ್ದವು. ಆನಂತರ ಮುಸ್ಲಿಮರು ಸೇಡಿಗೆ ಬಲಿಯಾದರು. ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಎರಡೂ ಕಡೆಯ ಮನೆಗಳಲ್ಲಿ ಉಳಿದ ಆ ಭಯವನ್ನು ಯಾವ ಹಾಜರಿ ಪುಸ್ತಕವೂ ದಾಖಲಿಸಲಿಲ್ಲ.

1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೈಸೂರು, ಮುಂಬೈ, ಆಂಧ್ರ ರಾಜ್ಯಗಳ ನಡುವೆ ಹಂಚಿಹೋಯಿತು. ಕಲ್ಯಾಣಿ ಬಸವಕಲ್ಯಾಣವಾಯಿತು. ಕಚೇರಿಗೆ ಕನ್ನಡ ಬಂತು. ನಿನ್ನೆ ಕನ್ನಡದ ಮಗು ನಿಂತಿದ್ದ ಜಾಗದಲ್ಲಿ ಇಂದು ಉರ್ದುವಿನ ಮಗು ನಿಂತಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದಿತು. ಉರ್ದು ಶಾಲೆಗಳು ಉಳಿದವು. ಆದರೆ ಅಲ್ಲಿಂದ ಕನ್ನಡ ಮಾಧ್ಯಮಕ್ಕೆ ದಾಟುವಾಗ ಕೈ ಹಿಡಿಯುವವರು ಬೇಕೇ ಬೇಕು.

ಕೈ ಹಿಡಿಯುವವರು ಮೊದಲು ಮನೆಯ ಮಾತು ಆಲಿಸಬೇಕು. ಇಲ್ಲಿನ ಮುಸ್ಲಿಮ್ ಮಗು ಆಡುವುದು ಪುಸ್ತಕದ ಉರ್ದುವನ್ನಲ್ಲ, ದಖನಿಯನ್ನು. ಅದರ 'ನಕ್ಕೊ' ಮರಾಠಿಯಿಂದ ಬಂದದ್ದು. ಅದರ 'ಹೌ' ನಮ್ಮ 'ಹೌದು' ಎಂಬುದಕ್ಕೆ ಎಷ್ಟು ಹತ್ತಿರ! ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817-1865) ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಪಂಥವನ್ನು ಕಟ್ಟಿದರು. ಬೆರೆತು ಬಾಳುವುದನ್ನು ಈ ನೆಲ ಹೊರಗಿನಿಂದ ಕಲಿಯಬೇಕಾಗಿಲ್ಲ.

ನಮ್ಮ ಸರಕಾರಿ ಶಾಲೆಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಶಿಕ್ಷಕರ, 2001ರಲ್ಲಿ ಜಾರಿಗೆ ಬಂದ ಶಾಲಾಭಿವೃದ್ಧಿ ಸಮಿತಿಗಳ ಹೆಗಲ ಮೇಲಿದೆ. ಅವರು ತಾಂಡಾಕ್ಕೋ ಮೊಹಲ್ಲಾಕ್ಕೋ ಹೋದಾಗ "ಈ ಜನರಿಗೆ ಓದಿನ ಬೆಲೆ ಗೊತ್ತಿಲ್ಲ" ಎಂಬ ತೀರ್ಪನ್ನು ಮೊದಲೇ ಕಟ್ಟಿಕೊಂಡು ಹೋಗಬಾರದು. ಈ ನಾಡಿನಲ್ಲಿ ಪ್ರತಿಯೊಂದು ಭಾಷೆಯ ಮಗುವೂ ಒಂದಲ್ಲ ಒಂದು ಕಾಲದಲ್ಲಿ ಶಾಲೆಯ ಬಾಗಿಲಲ್ಲಿ ಪರಕೀಯವಾಗಿ ನಿಂತಿದೆ. ತನ್ನ ಅಜ್ಜನೂ ಹಾಗೆ ನಿಂತಿದ್ದನೆಂದು ಬಲ್ಲ ಶಿಕ್ಷಕ, ಇಂದು ನಿಂತಿರುವ ಮಗುವನ್ನು ದಡ್ಡನೆಂದು ಕರೆಯಲಾರ.