ಮದ್ದನ್ನು ಹೊತ್ತ ಕೊಬ್ಬಿನ ಗುಳ್ಳೆ

2021ರ ಮೇ ತಿಂಗಳನ್ನು ನಾವು ಮರೆಯಲಾರೆವು. ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದವರಿಗೆ ಕಪ್ಪು ಶಿಲೀಂಧ್ರದ ಸೋಂಕು ತಗುಲಿದಾಗ, ಮುಂಬೈ, ಪುಣೆ, ಹೈದರಾಬಾದ್, ದೆಹಲಿಗಳಲ್ಲಿದ್ದ ನಮ್ಮ ಮೊಬೈಲುಗಳಿಗೆ ಒಂದೇ ಮೊರೆ ಬರುತ್ತಿತ್ತು: ಲೈಪೋಸೋಮಲ್ ಆಂಫೋಟೆರಿಸಿನ್-ಬಿ ಎಲ್ಲಿ ಸಿಕ್ಕೀತು? ಆಂಫೋಟೆರಿಸಿನ್ ಮದ್ದಿನ ಹೆಸರೆಂದು ತಿಳಿದೆವು. ಅದರ ಹಿಂದಿನ ವಿಶೇಷಣದ ಅರ್ಥ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಆ ವಿಶೇಷಣಕ್ಕೆ ದೀರ್ಘವಾದ ಇತಿಹಾಸವಿದೆ.

1840ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಥಿಯೋಡೋರ್ ಗೋಬ್ಲೆ ಮೊಟ್ಟೆಯ ಹಳದಿ ಲೋಳೆಯಿಂದ ರಂಜಕವುಳ್ಳ ಕೊಬ್ಬೊಂದನ್ನು ಬೇರ್ಪಡಿಸಿದರು. ಹಳದಿ ಲೋಳೆಯ ಗ್ರೀಕ್ ಹೆಸರಿನಿಂದಲೇ ಅದಕ್ಕೆ 'ಲೆಸಿಥಿನ್' ಎಂದು ಹೆಸರಿಟ್ಟರು. ಸೋಯಾದಲ್ಲಿಯೂ ಅದು ದೊರೆಯುತ್ತದೆ. ನಮ್ಮ ಜೀವಕೋಶಗಳ ಪೊರೆಯೂ ಇದೇ ಬಗೆಯ ಕೊಬ್ಬಿನಿಂದಾದುದು. ಈ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ.

1960ರ ದಶಕದ ಆರಂಭದಲ್ಲಿ ಕೇಂಬ್ರಿಜ್ ಸಮೀಪದ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಇಂಥ ಕೊಬ್ಬನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನೀರಿನಲ್ಲಿ ಅದು ತಾನಾಗಿಯೇ ಪದರ ಪದರವಾಗಿ ಸುತ್ತಿಕೊಂಡು, ಒಳಗೆ ನೀರನ್ನು ಹಿಡಿದಿಟ್ಟುಕೊಂಡ ಗುಳ್ಳೆಗಳಾಗುತ್ತಿತ್ತು. ಇವೇ ಲೈಪೋಸೋಮುಗಳು. ಬ್ಯಾಂಗಮ್ ಅವರ ಆಸಕ್ತಿ ಜೀವಕೋಶದ ಪೊರೆಯಲ್ಲಿತ್ತು. ಗುಳ್ಳೆಯೊಳಗೆ ಮದ್ದನ್ನಿಟ್ಟು ಕಳುಹಿಸಬಹುದೆಂಬ ವಿಚಾರವನ್ನು 1970ರ ದಶಕದ ಆರಂಭದಲ್ಲಿ ಬೆಳೆಸಿದವರಲ್ಲಿ ಗ್ರೆಗರಿ ಗ್ರೆಗೋರಿಯಾಡಿಸ್ ಪ್ರಮುಖರು.

ಆದರೆ ಒಂದು ತೊಡಕಿತ್ತು. ರಕ್ತಕ್ಕೆ ಸೇರಿದ ಗುಳ್ಳೆಗಳನ್ನು ಯಕೃತ್ತು ಮತ್ತು ಗುಲ್ಮಗಳಲ್ಲಿರುವ ಭಕ್ಷಕ ಕೋಶಗಳು ಬಹುಬೇಗ ನುಂಗಿಬಿಡುತ್ತಿದ್ದವು. ಈ ತೊಡಕೇ ಕಾಲಾ ಆಜಾರ್ ರೋಗಿಗಳ ಪಾಲಿಗೆ ಉಪಕಾರವಾಯಿತು. ಏಕೆಂದರೆ ಆ ರೋಗದ ಪರಾವಲಂಬಿ ಜೀವಿ ಅಡಗಿ ಕುಳಿತುಕೊಳ್ಳುವುದು ಅವೇ ಕೋಶಗಳಲ್ಲಿ.

ಆಂಫೋಟೆರಿಸಿನ್ ಕೂಡ ಪ್ರಕೃತಿಯ ಕೊಡುಗೆಯೇ. ವೆನೆಜುವೆಲಾದ ಒರಿನೋಕೋ ನದೀತೀರದ ಮಣ್ಣಿನ ಬ್ಯಾಕ್ಟೀರಿಯಾದಿಂದ 1950ರ ದಶಕದಲ್ಲಿ ದೊರೆತ ಈ ಮದ್ದು ಶಿಲೀಂಧ್ರವನ್ನೂ ಕಾಲಾ ಆಜಾರದ ಜೀವಿಯನ್ನೂ ಕೊಲ್ಲುತ್ತಿತ್ತು, ಆದರೆ ಮೂತ್ರಪಿಂಡವನ್ನೂ ನೋಯಿಸುತ್ತಿತ್ತು. 100 ನ್ಯಾನೋಮೀಟರಿಗಿಂತ ಚಿಕ್ಕದಾದ ಕೊಬ್ಬಿನ ಗುಳ್ಳೆಯಲ್ಲಿ ಸೇರಿಸಿದಾಗ ಆ ಅಪಾಯ ಬಹುಮಟ್ಟಿಗೆ ತಗ್ಗಿತು. ಮುಂಬೈಯ ಕೆ.ಇ.ಎಂ. ಆಸ್ಪತ್ರೆ ಮತ್ತು ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ಇದರ ದೇಶೀಯ ರೂಪವನ್ನೇ ಸಿದ್ಧಪಡಿಸಿದರು.

ಬಿಹಾರದಲ್ಲಿ ಶ್ಯಾಮ್ ಸುಂದರ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹಳೆಯ ರೂಪದ ಮದ್ದನ್ನು 29 ದಿನಗಳಲ್ಲಿ 15 ಬಾರಿ ಕೊಟ್ಟಾಗ ಆರು ತಿಂಗಳ ಬಳಿಕ ಗುಣಮುಖರಾಗಿದ್ದವರು ಶೇ. 96.3, ಲೈಪೋಸೋಮಿನ ಮದ್ದನ್ನು ಒಂದೇ ಬಾರಿ ಕೊಟ್ಟಾಗ ಶೇ. 95.7. ದಿನಗೂಲಿಯನ್ನೇ ನಂಬಿದ ಕುಟುಂಬಕ್ಕೆ ಒಂದು ತಿಂಗಳಿಗೂ ಒಂದು ದಿನಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಮದ್ದು ಬಿಹಾರದ ಬಡವರಿಗೆ ದಕ್ಕಿದ್ದು, ವಿಶ್ವ ಆರೋಗ್ಯ ಸಂಸ್ಥೆಯು ತಯಾರಕರೊಡನೆ ಮಾಡಿಕೊಂಡ ಒಪ್ಪಂದದಿಂದ ಬೆಲೆ ಇಳಿದ ಮೇಲೆ, ಅನಂತರ ದಾನವಾಗಿ ಬಂದ ಮೇಲೆ.

2021ರಲ್ಲಿ ಅಂಥ ಪೂರ್ವಸಿದ್ಧತೆ ಇರಲಿಲ್ಲ. ಕೇಂದ್ರ ಸರ್ಕಾರ ರಾಜ್ಯಗಳಿಗೆ ಮದ್ದನ್ನು ಅಳೆದು ಹಂಚಬೇಕಾಯಿತು. ಔಷಧವಾಹಕಗಳ ಚರಿತ್ರೆಯನ್ನು ಬರೆಯುವಾಗ ಪ್ರಯೋಗಾಲಯದಷ್ಟೇ ಗಮನವನ್ನು ಬೆಲೆಗೂ ದಾಸ್ತಾನಿಗೂ ಕೊಡಬೇಕೆಂದು ನಮಗೆ ಅನಿಸುವುದು, ಆ ಮೊರೆಗಳಲ್ಲಿ ಎಷ್ಟಕ್ಕೋ ಉತ್ತರ ಕೊಡಲಾಗದೆ ಹೋದ ನೆನಪಿನಿಂದ.