ಸ್ಟಾಕ್‌ಹೋಮಿನ ಹಳೆಯ ಚೌಕ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿಗೆ ಹೋದವರು ಗಾಮ್ಲಾ ಸ್ತಾನ್ ಎಂಬ ದ್ವೀಪದ ಹಳೆಯ ಪಟ್ಟಣವನ್ನು ನೋಡದೆ ಹಿಂದಿರುಗುವುದಿಲ್ಲ. ಕಲ್ಲುಹಾಸಿನ ಇಕ್ಕಟ್ಟಾದ ಓಣಿಗಳು ನಮ್ಮನ್ನು ಒಂದು ಚೌಕಕ್ಕೆ ಕರೆದೊಯ್ಯುತ್ತವೆ. ಒಂದು ಬದಿಗೆ ನೊಬೆಲ್ ವಸ್ತುಸಂಗ್ರಹಾಲಯ, ಇನ್ನೊಂದು ಬದಿಗೆ ಎತ್ತರದ ಬಣ್ಣದ ಮನೆಗಳು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಸಂತೆ. ಕೆಂಪು ಮನೆಯೊಂದರ ಮುಂಭಾಗದಲ್ಲಿರುವ ಬಿಳಿಯ ಕಲ್ಲುಗಳು ಈ ಚೌಕದಲ್ಲಿ ತಲೆ ಕಳೆದುಕೊಂಡವರ ಲೆಕ್ಕವೆಂದು ಹೇಳುವುದುಂಟು. ಅದನ್ನು ನಂಬಬೇಕಾಗಿಲ್ಲ, ಆ ಮನೆ 17ನೆಯ ಶತಮಾನದ್ದು. ಆದರೆ ಶಿರಚ್ಛೇದ ಕಟ್ಟುಕಥೆಯಲ್ಲ.

1520ರಲ್ಲಿ ಡೆನ್ಮಾರ್ಕಿನ ರಾಜ ಎರಡನೆಯ ಕ್ರಿಶ್ಚಿಯನ್ ಸ್ವೀಡನ್ನಿನ ಮೇಲೆ ದಂಡೆತ್ತಿ ಬಂದನು. ನಾಡನ್ನಾಳುತ್ತಿದ್ದ ಸ್ತೇನ್ ಸ್ತೂರೆ ಯುದ್ಧದ ಗಾಯದಿಂದ ಮಡಿದರೂ ಅವನ ವಿಧವೆ ಕ್ರಿಸ್ಟೀನಾ ತಿಂಗಳುಗಟ್ಟಲೆ ನಗರವನ್ನು ಕಾಪಾಡಿದಳು. ಕ್ಷಮಾದಾನದ ಭರವಸೆ ದೊರೆತ ಮೇಲೆಯೇ, ಸೆಪ್ಟೆಂಬರಿನಲ್ಲಿ, ನಗರದ ಬಾಗಿಲು ತೆರೆಯಿತು. ನವೆಂಬರ್ 4ರಂದು ಚೌಕದ ಪಕ್ಕದ ಮಹಾದೇವಾಲಯದಲ್ಲಿ ಉಪ್ಸಾಲಾದ ಮಹಾಧರ್ಮಾಧ್ಯಕ್ಷ ಗುಸ್ತಾವ್ ಟ್ರೊಲ್ಲೆ ರಾಜನಿಗೆ ಕಿರೀಟ ತೊಡಿಸಿದರು. ಔತಣಗಳು ನಡೆದವು. 7ರಂದು ಕೋಟೆಯ ಬಾಗಿಲುಗಳು ಮುಚ್ಚಿಕೊಂಡವು.

ಅಂದು ದೂರುದಾರರಾಗಿ ನಿಂತವರು ಅದೇ ಮಹಾಧರ್ಮಾಧ್ಯಕ್ಷರು! 1517ರಲ್ಲಿ ತಮ್ಮನ್ನು ಪದವಿಯಿಂದ ಇಳಿಸಿ, ತಮ್ಮ ಕೋಟೆಯನ್ನು ಕೆಡವಲು ನಿರ್ಣಯಿಸಿದವರು ಪಾಷಂಡಿಗಳೆಂಬುದು ಅವರ ಆರೋಪ. ರಾಜದ್ರೋಹವನ್ನು ರಾಜ ಕ್ಷಮಿಸಬಹುದು, ಪಾಷಂಡವನ್ನಲ್ಲ. ಕೊಟ್ಟ ಮಾತು ಹೀಗೆ ಗಾಳಿಗೆ ಹೋಯಿತು. ತಪ್ಪು ತನ್ನ ಗಂಡನೊಬ್ಬನದಲ್ಲವೆಂದು ತೋರಿಸಲು ಕ್ರಿಸ್ಟೀನಾ ಹಲವರು ಮುದ್ರೆಯೊತ್ತಿದ್ದ ಆ ನಿರ್ಣಯಪತ್ರವನ್ನು ಮುಂದಿಟ್ಟಳು. ಪಾಪ, ಅದೇ ಅವರ ವಿರುದ್ಧ ಸಾಕ್ಷಿಯಾಯಿತು. ಮರುದಿನ ಚೌಕದಲ್ಲಿ ಮೊದಲು ಕೊಡಲಿಗೆ ಕೊರಳೊಡ್ಡಿದವರು ಸ್ಟ್ರೆಂಗ್‌ನೇಸ್ ಹಾಗೂ ಸ್ಕಾರಾದ ಇಬ್ಬರು ಧರ್ಮಾಧ್ಯಕ್ಷರು. ಎರಡು ದಿನಗಳಲ್ಲಿ ಸತ್ತವರು ಸುಮಾರು 80ರಿಂದ 100 ಮಂದಿ. ಸ್ತೇನ್ ಸ್ತೂರೆಯ ಶವವನ್ನೂ ಸಮಾಧಿಯಿಂದ ಹೊರತೆಗೆದು, ಸತ್ತವರ ದೇಹಗಳೊಂದಿಗೆ ಸುಟ್ಟರು.

ಸ್ವೀಡನ್ ಕಥೋಲಿಕ ಧರ್ಮಸಭೆಯಿಂದ ದೂರವಾದುದಕ್ಕೆ ಲೂಥರನ ಬೋಧನೆಯನ್ನೋ, ದೇವಾಲಯಗಳ ಆಸ್ತಿಯ ಮೇಲಣ ರಾಜನ ಆಸೆಯನ್ನೋ ಕಾರಣವಾಗಿ ಹೇಳುವುದು ನಮಗೆ ಸುಲಭ. ಅವು ಸುಳ್ಳಲ್ಲ. ಆದರೆ ಆ ರಾಜ ಗುಸ್ತಾವ್ ವಾಸಾನ ತಂದೆ ಈ ಚೌಕದಲ್ಲಿ ತಲೆ ಕಳೆದುಕೊಂಡಿದ್ದನು. 1523ರಲ್ಲಿ ಮಗ ಸಿಂಹಾಸನವೇರಿದಾಗ, ದೇಶಬಿಟ್ಟು ಹೋಗಿದ್ದ ಟ್ರೊಲ್ಲೆಯವರನ್ನೇ ಮತ್ತೆ ಪೀಠದಲ್ಲಿ ಕೂರಿಸಬೇಕೆಂದು ರೋಮ್ ಪಟ್ಟುಹಿಡಿಯಿತು. ಯಾವ ಮಗ ಒಪ್ಪಿಯಾನು? 1527ರಲ್ಲಿ ವೆಸ್ಟೆರೋಸಿನ ಸಭೆ ಧರ್ಮಸಭೆಯ ಸಂಪತ್ತನ್ನು ರಾಜನ ಕೈಗೊಪ್ಪಿಸಿತು.

ಚೌಕದ ಪಕ್ಕದ ಮಹಾದೇವಾಲಯ ಇಂದು ಲೂಥರನ್ನರದು. ಕಥೋಲಿಕರ ಪ್ರಧಾನಾಲಯವಾದ ಸಂತ ಎರಿಕರ ದೇವಾಲಯವನ್ನು ನೋಡಬೇಕಾದರೆ ದಕ್ಷಿಣಕ್ಕೆ ಸೇತುವೆ ದಾಟಿ ಸೊದರ್‌ಮಾಲ್ಮ್ ಎಂಬ ಭಾಗಕ್ಕೆ ಹೋಗಬೇಕು. 1520ರಲ್ಲಿ ಆ ದೇಹಗಳನ್ನು ಸುಟ್ಟದ್ದೂ ಸೊದರ್‌ಮಾಲ್ಮಿನಲ್ಲಿಯೇ.